ಗಾಜಿನ ಗೋಡೆಗೊಂದು ಬೂದುಗುಂಬಳ

ಗಾರೆ ಕೆಲಸದವರಿಗಾಗಿ ಕಾದವನಿಗೆ ಬೇರೆ ತಪಸ್ಸು ಬೇಕಿಲ್ಲ ಎಂಬುದು ನನ್ನ ಅನುಭವ. ನಮ್ಮ ಮನೆಯ ಕಾಂಪೌಂಡು ಕಟ್ಟಿದ ಮುನಿಯಪ್ಪ "ನಾಳೆ ಬರ್ತೀನಿ ಸಾ" ಎಂದು ಹೋದರೆ, ತಿರುಗಿ ಬರುವಷ್ಟರಲ್ಲಿ ಮರಳಿನ ಗುಡ್ಡೆಯ ಮೇಲೆ ಹುಲ್ಲು ಬೆಳೆದಿರುತ್ತಿತ್ತು. ಹಾಗಾಗಿ ಶ್ರೀನಿವಾಸಪುರದ ನಮ್ಮ ಹೊಲಿಗೆ ಅಂಗಡಿಗೆ ಮುಂಗೋಡೆ ಬೇಕಾದಾಗ, ಕಾರ್ಖಾನೆಯಲ್ಲೇ ಸಿದ್ಧವಾಗಿ ಬರುವ ಗಾಜಿನ ಗೋಡೆಗೆ ನಾನು ಮನಸೋತೆ. ನಮ್ಮ ಅಂಗಡಿ ಎಂದೆನೇ? ಅದು ನನ್ನ ಹೆಂಡತಿ ಸರೋಜಳದು. ಹದಿನೈದು ವರ್ಷ ಅಡುಗೆಮನೆ ಪಕ್ಕದ ಕತ್ತಲೆ ಕೋಣೆಯಲ್ಲಿ ರವಿಕೆ ಹೊಲಿದು ಕಣ್ಣು ಸವೆಸಿದವಳು. ಅವಳಿಗೆ ಬೇಕಾಗಿದ್ದದ್ದು ಬೆಳಕು, ಅಷ್ಟೇ.

ಗೋಡೆ ಮಾಲೂರಿನಿಂದ ಲಾರಿಯಲ್ಲಿ ಬಂತು. ಚೌಕಟ್ಟುಗಳಿಗೆ ಗಾಜನ್ನು ಮೊದಲೇ ಕೂರಿಸಿದ್ದರು. ನಾಲ್ಕು ಜನ ಎತ್ತಿ ನಿಲ್ಲಿಸಿ, ಬೋಲ್ಟು ಬಿಗಿದು, ಸಂಜೆ ಕಾಫಿಯ ಹೊತ್ತಿಗೆ ಮುಗಿಸಿಯೇಬಿಟ್ಟರು. ಸಿಮೆಂಟಿಲ್ಲ, ಧೂಳಿಲ್ಲ, ವಾರಗಟ್ಟಲೆ ನೀರು ಹೊಡೆಯುವ ಗೋಳಿಲ್ಲ. ದಾರಿಯಲ್ಲಿ ಹೋಗುತ್ತಿದ್ದವರನ್ನೆಲ್ಲ ಕರೆದು ಈ ಲಾಭಗಳನ್ನು ವಿವರಿಸಿದೆ. ಕೆಲವರು ಬಸ್ಸು ತಪ್ಪಿಸಿಕೊಂಡರು.

ಮರುದಿನ ಬೆಳಿಗ್ಗೆ, ಅಂಗಡಿ ಪೂಜೆಗೆ ಇನ್ನೊಂದು ಗಂಟೆ ಇದೆ ಎನ್ನುವಾಗ, ನಮ್ಮತ್ತೆ ಯಲ್ದೂರಿನಿಂದ ಬೂದುಗುಂಬಳ ಹೊತ್ತು ಬಂದರು. "ಅಯ್ಯೋ ನಾಯನಾ, ಇಷ್ಟು ಮಿಂಚಿದ್ರೆ ದಿಷ್ಟಿ ತಗಲಲ್ವಾ? ಇದನ್ನ ಎಲ್ಲಿ ಕಟ್ತೀರಾ?" ಎಂದರು. ಈ ಗೋಡೆಯಲ್ಲಿ ಮೊಳೆಗೆ ಜಾಗವಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. "ಗೋಡೆ ಕೂರಿಸಿದ ಫಿಟ್ಟರ್‌ಗೆ ಫೋನ್ ಮಾಡ್ರೀ" ಎಂದಳು ಸರೋಜ. ಒಂದು ಮೊಳೆಗೆ ಫಿಟ್ಟರ್ ಯಾಕೆ, ನೀವೇ ಹೇಳಿ. ಸ್ಟೂಲು ಹತ್ತಿ ಚೌಕಟ್ಟಿಗೆ ಮೊಳೆ ಹಿಡಿದೆ. ಎರಡನೇ ಏಟು ಮೊಳೆಗೆ ಬೀಳಲಿಲ್ಲ. ಬಾಗಿಲ ಪಕ್ಕದ ಇಡೀ ಗಾಜು ಕಲ್ಲುಸಕ್ಕರೆಯ ಹಾಗೆ ಸುರಿದುಹೋಯಿತು. ಸರೋಜ ಬೈಯಲಿಲ್ಲ, ಮುಖ ಮಾತ್ರ ಸಪ್ಪಗಾಯಿತು. ನಾನು ಸ್ಟೂಲಿನಿಂದ ಇಳಿದು ಫೋನ್ ಎತ್ತಿಕೊಂಡೆ.

ಫೋನಿನಲ್ಲಿ ಫಿಟ್ಟರ್ ಸಮಾಧಾನ ಹೇಳಿದ: "ಅದೊಂದೇ ಫ್ರೇಮ್ ಬಿಚ್ಚಿ ಬೇರೆ ಹಾಕಬಹುದು ಸಾರ್, ಅಳತೆ ನಮ್ಮತ್ರಾನೇ ಇದೆ. ನಾಲ್ಕು ದಿನ. ಹೆಂಗ್ ಒಡೀತು?"

"ಹಕ್ಕಿ ಬಡೀತಪ್ಪ" ಎಂದೆ.

"ಎಷ್ಟು ದೊಡ್ಡ ಹಕ್ಕಿ ಸಾರ್?"

"ಎಂಬತ್ತು ಕೆಜಿ ಅಂತ ಹೇಳ್ರೀ" ಎಂದಳು ಸರೋಜ ಹಿಂದಿನಿಂದ.

ಪೂಜೆ ನಿಲ್ಲಲಿಲ್ಲ. ದನ ನುಗ್ಗಬಾರದೆಂದು ಗಾಜಿಲ್ಲದ ಜಾಗದಲ್ಲಿ ಕುರ್ಚಿ ಹಾಕಿ, ತೊಡೆಯ ಮೇಲೆ ಬೂದುಗುಂಬಳ ಇಟ್ಟು ನನ್ನನ್ನೇ ಕೂರಿಸಿದರು. ಒಳಗೆ ಸರೋಜ ಮೊದಲ ಸಲಕ್ಕೇ ಸೂಜಿಗೆ ದಾರ ಪೋಣಿಸಿ ನಕ್ಕಳು. ಆ ನಗು ನೋಡಿ ನನಗೂ ಜೀವ ಬಂದಂತಾಯಿತು. ಆರತಿ ತಟ್ಟೆ ಹಿಡಿದು ಹೊರಗೆ ಬಂದ ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಮಗಳನ್ನು ಕೂಗಿದರು: "ಆ ಕುಂಬಳಕಾಯಿ ಎತ್ಕೋ ಸರೋಜಾ, ಮಜ್ಜಿಗೆ ಹುಳಿಗಾಗ್ತದೆ. ಬಾಗಿಲಿಗೆ ಅಳಿಯಂದಿರೇ ಸಾಕು."