ಮಗನಿಗೆ ಮನೆ, ಮಗಳಿಗೆ ಪಾಯಿಂಟು

ಉಯಿಲು ಬರೆಯುವುದನ್ನು ನನ್ನಿಂದ ಕಲಿಯಬೇಕು! ನಮ್ಮಣ್ಣ ಬರೆಯದೆ ಕಣ್ಣು ಮುಚ್ಚಿದ. ಅವನ ಮಕ್ಕಳು ಇವತ್ತಿಗೂ ಕೋರ್ಟಿಗೆ ಅಲೆಯುತ್ತಿದ್ದಾರೆ. ನನ್ನ ಮನೆಯಲ್ಲಿ ಅಂಥ ರಾಮಾಯಣ ನಡೆಯಕೂಡದೆಂದು ೨೦೦೬ರ ಯುಗಾದಿಯ ದಿನ, ಒಬ್ಬಟ್ಟು ತಿನ್ನುತ್ತಲೇ ಘೋಷಿಸಿಬಿಟ್ಟೆ. ಪದ್ಮನಾಭನಗರದ ಮನೆ, ಮಹಡಿಯ ಬಾಡಿಗೆ ಸಮೇತ, ಮಗ ರವಿಕಿರಣನಿಗೆ. ಮದುವೆಯಾಗಿ ಜೆ.ಪಿ. ನಗರದಲ್ಲಿರುವ ಮಗಳು ಶಾಲಿನಿಗೆ ನನ್ನ ಹನ್ನೊಂದು ಸಾವಿರ ಪಾಯಿಂಟು!

ಪಾಯಿಂಟೆಂದರೆ ಸುಮ್ಮನೆಯೇ? ಜಯನಗರದ ಸೂಪರ್ ಮಾರ್ಕೆಟ್ಟಿನ ಕಾರ್ಡಿನಲ್ಲಿ ನಾನು ಬೆವರು ಸುರಿಸಿ ಕೂಡಿಟ್ಟ ಆಸ್ತಿ. ಡಬಲ್ ಪಾಯಿಂಟ್ ಕೊಡುತ್ತಾರೆಂದು, ಮನೆಯಲ್ಲಿ ನಾಯಿ ಇಲ್ಲದಿದ್ದರೂ ನಾಯಿ ಬಿಸ್ಕತ್ತು ಹೊತ್ತು ತಂದವನು ನಾನು.

"ರೀ, ಮಗನಿಗೆ ಮನೆ, ಮಗಳಿಗೆ ಸೋಪು ತಂದ ಪಾಯಿಂಟಾ?" ಎಂದಳು ಹೆಂಡತಿ ಜಯಶೀಲಾ.

"ಮನೆಗೆ ಸುಣ್ಣ ಬಣ್ಣ, ಕಂದಾಯ ಎಲ್ಲಾ ಇರುತ್ತೆ. ಪಾಯಿಂಟಿಗೆ ಅದ್ಯಾವ ತಲೆನೋವೂ ಇಲ್ಲ ಕಣೆ. ಮಗಳ ಮೇಲಿನ ಪ್ರೀತಿಗೇ ಕೊಡ್ತಿರೋದು!"

ಅವಳು ಒಳಗೆ ಹೋಗಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಜೋಡಿಸಿದಳು.

ವಿಲ್ಸನ್ ಗಾರ್ಡನ್ನಿನ ವಕೀಲ ಗುರುಬಸಪ್ಪನವರಿಗೆ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, ಮೊದಲು ಅಂಗಡಿಯಲ್ಲಿ ವಿಚಾರಿಸಿಕೊಂಡು ಬನ್ನಿ ಎಂದರು. ಹೋದೆ. ಕೌಂಟರಿನ ಹುಡುಗಿ ನಗುತ್ತಲೇ ಮರಣಶಾಸನ ಓದಿದಳು.

"ಅಂಕಲ್, ನೀವು ಹೋದ್ರೆ ಪಾಯಿಂಟೂ ಹೋಗುತ್ತೆ. ಇರೋವಾಗ್ಲೇ ಗಿಫ್ಟ್ ತಗೊಂಡ್ಬಿಡಿ."

ಯಮನಿಗಿಂತ ಮೊದಲು ಕೈಗೆ ಬರಲಿ ಎಂದು ಅಲ್ಲೇ ಅಷ್ಟನ್ನೂ ಕೊಟ್ಟೆ. ನನ್ನ ಜೀವಮಾನದ ಗಳಿಕೆಗೆ ಬಂದದ್ದು ಒಂದು ಹಾಟ್‌ಬಾಕ್ಸು! ಮುಚ್ಚಳ ಸ್ವಲ್ಪ ಬಿಗಿ.

ಆದರೂ ನನ್ನ ತಲೆ ಓಡುವುದು ನಿಲ್ಲಲಿಲ್ಲ. ಮನೆಯಲ್ಲಿ ಪಾಲು ಬೇಡವೆಂದು ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಳ್ಳುವಾಗ ಅರಿಶಿನ ಕುಂಕುಮದ ಜೊತೆ ರೇಷ್ಮೆ ಸೀರೆ ಕೊಡುವುದು ನಮ್ಮಲ್ಲಿ ರೂಢಿ. ಸೀರೆಯ ಜಾಗದಲ್ಲಿ ಹಾಟ್‌ಬಾಕ್ಸ್ ಇಟ್ಟರಾಯಿತು! ಭಾನುವಾರ ಶಾಲಿನಿಯನ್ನೂ ಗುರುಬಸಪ್ಪನವರನ್ನೂ ಮನೆಗೆ ಕರೆಸಿದೆ.

ಶಾಲಿನಿ ಮುಚ್ಚಳದ ಜೊತೆ ಗುದ್ದಾಡಿ ಒಳಗೆ ಇಣುಕಿದಳು.

"ಎಷ್ಟು ಚಪಾತಿ ಹಿಡಿಯುತ್ತಪ್ಪಾ?"

"ಹತ್ತು!" ಎಂದೆ ಜಂಬದಿಂದ.

"ಈ ಮನೆ ಎರಡು ಬಾಡಿಗೆ ಸಂಸಾರ ಹಿಡಿಯುತ್ತೆ ಅಲ್ವಾ?" ಎಂದವಳು ಮುಚ್ಚಳ ಒತ್ತಿ ಮುಚ್ಚಿದಳು. "ಇರ್ಲಿ ಬಿಡಿ. ಎಲ್ಲಿ ಸೈನ್ ಹಾಕ್ಬೇಕು ಹೇಳಿ."

ನನಗೆ ನಾಚಿಕೆಯಾಯಿತು, ನಿಜ. ಹಾಗೆಂದು ಪೆನ್ನು ಕೊಡದೆ ಇರಲಿಲ್ಲ.

ಗುರುಬಸಪ್ಪನವರು ನಡುವೆ ಕೈ ಅಡ್ಡ ಹಿಡಿದರು. "ಒಂದ್ನಿಮಿಷ ಸಾರ್. ಮನೆ ಯಾರ ಹೆಸರಲ್ಲಿದೆ?"

"ಇನ್ಯಾರ ಹೆಸರಲ್ಲಿರುತ್ತೆ? ನಾನು..." ಎಂದವನು ಅಲ್ಲೇ ನಿಂತುಬಿಟ್ಟೆ. ಸೈಟು ಕೊಳ್ಳುವಾಗ ಆದಾಯ ತೆರಿಗೆಯವರ ಕಣ್ಣು ತಪ್ಪಿಸಲು ಮಹಾ ಬುದ್ಧಿವಂತಿಕೆಯಿಂದ ಜಯಶೀಲಾಳ ಹೆಸರಿಗೆ ರಿಜಿಸ್ಟರ್ ಮಾಡಿಸಿದ್ದವನು ನಾನೇ. ದುಡ್ಡೂ ಅವಳ ಬಳೆ ಮಾರಿದ್ದೇ. ಇಪ್ಪತ್ತು ವರ್ಷ ನನ್ನ ಮನೆ, ನನ್ನ ಮನೆ ಎಂದು ಹೇಳಿಕೊಂಡೇ ಅದನ್ನು ಮರೆತಿದ್ದೆ!

ಅಡುಗೆಮನೆಯಿಂದ ಜಯಶೀಲಾ ಕೈ ಒರೆಸಿಕೊಳ್ಳುತ್ತಾ ಬಂದು, ಮಗಳ ಕೈಯಿಂದ ಪೆನ್ನು ತೆಗೆದುಕೊಂಡು ವಕೀಲರ ಎದುರು ಕೂತಳು.

"ಬರ್ಕೊಳ್ಳಿ ವಕೀಲ್ರೇ. ಮನೆ ಇಬ್ರು ಮಕ್ಕಳಿಗೂ ಸಮಪಾಲು. ನಾನು ಮೊದ್ಲು ಹೋದ್ರೆ, ಇವರು ಇರೋವರೆಗೂ ಇಲ್ಲೇ ಇರ್ಲಿ ಅಂತ ಒಂದು ಸಾಲು ಸೇರಿಸಿ."

ನನ್ನ ಕಣ್ಣು ತುಂಬಿ ಬಂತು. ಎಷ್ಟಾದರೂ ಕೈಹಿಡಿದವಳು! ಗುರುಬಸಪ್ಪನವರು ಬರೆದುಕೊಂಡು, ನಾನು ಇಲ್ಲಿರುವುದಕ್ಕೆ ಏನಾದರೂ ಷರತ್ತು ಇದೆಯೇ ಎಂದು ಕೇಳಿದರು.

ಜಯಶೀಲಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಡವಳಿಕೆ ಸರಿಯಿದ್ರೆ ಅಂತ ಹಾಕಿ. ಸರಿಯಿದ್ಯೋ ಇಲ್ವೋ, ಶಾಲಿನಿ ಹೇಳ್ತಾಳೆ."