ಅದೇ ರೇಟಿಗೆ ನಲವತ್ತನಾಲ್ಕು

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಎರಡು ಸ್ಟಾಪು ಕಳೆಯುವಷ್ಟರಲ್ಲಿ ಎದ್ದು, ಬಾಗಿಲ ಹತ್ತಿರ ನಿಂತು, ಕಂಡಕ್ಟರನ ದನಿಯಲ್ಲಿ "ಒಳುಕ್ ನಡೀರಿ, ಇನ್ನೂ ಜಾಗ ಅದೆ" ಎನ್ನುತ್ತೇನೆ. ಜನ ನಿಜವೆಂದುಕೊಂಡು ಒಳಕ್ಕೆ ಸರಿಯುತ್ತಾರೆ. ನನ್ನ ಮೈಯೊಳಗೆ ಒಂದು ಗಳಿಗೆ ಸುಮ್ಮನಿರಲಾಗದೆ ಬೇರೆಯವರ ಗಂಟಲಿಗೆ ನುಗ್ಗುವ ಚಟ ಇದು. ಇಂಥವನು ಏನು ಬೇಕಾದರೂ ಕೊಳ್ಳಬಹುದು, ಬಟ್ಟೆ ಕೊಳ್ಳಬಾರದು. ಅದು ತಾಳ್ಮೆಯವರ ಕೆಲಸ.

ಆದರೆ ಕೊಳ್ಳಲೇಬೇಕಾಗಿ ಬಂತು. ಆಗ ನಾನು ತಿ. ನರಸೀಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಟೆಂಪರರಿ ಕನ್ನಡ ಮೇಷ್ಟ್ರು. ಜೂನಿನಲ್ಲಿ ಸೇರಿಸಿಕೊಂಡು ಏಪ್ರಿಲ್‌ನಲ್ಲಿ ಕಳಿಸಿಬಿಡುವ ಜಾತಿ. ಹೀಗೆ ಮೂರು ಸಲ ಹೋಗಿ ಬಂದಿದ್ದೆ. ಒಂದು ಶುಕ್ರವಾರ ಹೆಡ್‌ಮಾಸ್ಟರು ಕರೆದರು. ಅವರು ಮಾತನಾಡುವುದು ಬಾಯಿಂದಲ್ಲ, ಮೂಗಿನಿಂದ. "ಸೋಮವಾರ ಮ್ಯಾನೇಜ್‌ಮೆಂಟ್ ಇಂಟರ್‌ವ್ಯೂ ಕಣ್ರೀ. ಪರ್ಮನೆಂಟ್ ಪೋಸ್ಟು ಒಂದು, ನೀವು ಇಬ್ರು. ಪಾಠ ಹೆಂಗೋ ಮಾಡ್ತೀರಿ, ಒಂದು ಒಳ್ಳೆ ಷರ್ಟ್ ಹಾಕ್ಕೊಂಡ್ ಬನ್ನಿ. ನಿಮ್ಮ ಈ ಕಾಲರ್ ನೋಡಿದ್ರೆ ನಮ್ಮ ಸ್ಕೂಲು ಮುಚ್ಚೋಗಿದೆ ಅನ್ಸುತ್ತೆ" ಎಂದರು. ಪೋಸ್ಟು ಇನ್ನೊಬ್ಬನಿಗೆ ಹೋದರೆ ನಾನು ನಮ್ಮೂರು ಹೆಮ್ಮರಗಾಲಕ್ಕೆ ವಾಪಸ್ಸು. ಅಲ್ಲಿ ಅಪ್ಪ ನನಗಾಗಿ ಒಂದು ಗುದ್ದಲಿಯನ್ನು ಮೂರು ವರ್ಷದಿಂದ ಹಾಗೇ ಇಟ್ಟಿದ್ದ.

ಶನಿವಾರ ಊರಿಗೆ ಹೋಗಿ ಅವ್ವನ ಜೊತೆ ನಂಜನಗೂಡಿಗೆ ಹೊರಟೆ. ಅಲ್ಲಿ ಹೊಸದಾಗಿ ಮೂರು ಮಹಡಿಯ ಡಿಪಾರ್ಟ್‌ಮೆಂಟ್ ಸ್ಟೋರ್ ಆಗಿತ್ತು. ಕೆಳಗೆ ದಿನಸಿ, ನಡುವೆ ಪಾತ್ರೆ, ಮೇಲೆ ರೆಡಿಮೇಡ್. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಬಟ್ಟೆ ಎಂದರೆ ಮೀಟರ್ ಲೆಕ್ಕದಲ್ಲಿ ಹರಿಸಿಕೊಂಡು ಬಂದು ಊರಿನ ಟೈಲರ್ ಸಿದ್ದಣ್ಣನಿಗೆ ಕೊಡುವುದು. ಅವ್ವ ಅಂಗಡಿಯಲ್ಲಿ ಬಟ್ಟೆಯ ಅಂಚನ್ನು ಎಂಜಲಲ್ಲಿ ಒದ್ದೆ ಮಾಡಿ ತಿಕ್ಕಿ, ಒಂದು ಎಳೆ ಕಿತ್ತು, ಬೆಳಕಿಗೆ ಹಿಡಿದು ನೋಡಿದ ಮೇಲೇ ಬಾಯಿ ಬಿಡುವುದು. ಇಲ್ಲಿ ಎಲ್ಲವೂ ಪ್ಲಾಸ್ಟಿಕ್ ಕವರಿನೊಳಗೆ ಇತ್ತು. ಅವ್ವ ಕವರನ್ನೇ ತಿಕ್ಕಿ ನೋಡಿದಳು.

ನಾನು ಒಂದು ಷರ್ಟು ಹಿಡಿದರೆ ಬಿಟ್ಟು ಬಂದದ್ದು ಚೆನ್ನಾಗಿತ್ತು ಅನ್ನಿಸುವುದು. ಅದಕ್ಕೆ ಹೋದರೆ ಇದು. ಇದರ ನಡುವೆ ಬೇಸರ ಕಳೆಯಲು ಎರಡು ಸಲ ಕೆಳಗಿಳಿದು ಬೆಲ್ಲದ ರೇಟು ವಿಚಾರಿಸಿಕೊಂಡು ಬಂದೆ. ಸೇಲ್ಸ್ ಹುಡುಗಿ ಹಿಂದೆಯೇ ಬರುತ್ತಿದ್ದಳು. "ಸರ್ ಸೈಜ್ ಹೇಳಿ ಸರ್" ಎಂದಳು. "ಸರ್‌ಗೇ ಗೊತ್ತಿಲ್ಲ ಸರ್" ಎಂದು ಅವಳ ರಾಗದಲ್ಲೇ ಹೇಳಿದೆ. ಅವಳು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೂವತ್ತೆಂಟು" ಎಂದು ಒಂದು ನೀಲಿ ಗೀಟಿನ ಷರ್ಟು ತೆಗೆದಳು.

ಅವ್ವ ಕೇಳಿದಳು: "ಇದ್ಕೆಷ್ಟವ್ವ?"

"ಮುನ್ನೂರೈವತ್ತು ಅಮ್ಮ."

"ಆ ಪಕ್ದಲ್ಲಿರೋ ದೊಡ್ಡದ್ಕೆ?"

"ಅದು ನಲವತ್ನಾಲ್ಕು. ಎಲ್ಲಾ ಸೈಜೂ ಒಂದೇ ರೇಟಮ್ಮ."

ಅವ್ವನ ಕೈ ಅಲ್ಲೇ ನಿಂತಿತು. ಬಟ್ಟೆ ಹೆಚ್ಚಾದರೆ ದುಡ್ಡು ಹೆಚ್ಚಾಗದ ಅಂಗಡಿಯನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. "ಅಂಗಾದ್ರೆ ಚಿಕ್ಕದ್ನ ಯಾವ್ ಪೆದ್ದ ತಗತಾನವ್ವ?" ಎಂದು ಹುಡುಗಿಯನ್ನು ಕನಿಕರದಿಂದ ನೋಡಿ, ನನ್ನ ಕಡೆ ತಿರುಗಿ ದನಿ ತಗ್ಗಿಸಿದಳು. "ಲೇ, ನಲವತ್ನಾಕ್ರುದ್ನೇ ತಗೊ. ಅವ್ರಿಗೆ ಗೊತ್ತಾಗೋಕ್ ಮುಂಚೆ ಬಿಲ್ ಮಾಡ್ಸು."

ನಾನು ಬಿ.ಎ., ಬಿ.ಎಡ್. ಆದವನು. ಎದುರು ಮಾತಾಡಬೇಕಿತ್ತು. ನಿಜ ಹೇಳುತ್ತೇನೆ, ನನಗೂ ಅವ್ವನ ಮಾತು ನ್ಯಾಯವಾಗಿಯೇ ಕಂಡಿತು. ಹಾಕಿ ನೋಡೋಣವೆಂದರೆ ಟ್ರಯಲ್ ರೂಮಿನ ಮುಂದೆ ಐದು ಜನ ನಿಂತಿದ್ದರು. ಐದು ಜನರ ಹಿಂದೆ ನಿಲ್ಲುವ ಕಾಲುಗಳು ನನ್ನವಲ್ಲ. ಬಿಲ್ ಮಾಡಿಸಿದೆ.

ಭಾನುವಾರ ಬೆಳಿಗ್ಗೆ ಹಾಕಿಕೊಂಡೆ. ಭುಜದ ಹೊಲಿಗೆ ಮೊಣಕೈ ಹತ್ತಿರ ಬಂದು ಕೂತಿತ್ತು. ನಾನು ತಿರುಗಿದರೆ ಷರ್ಟು ಒಂದು ಗಳಿಗೆ ತಡೆದು ತಿರುಗುತ್ತಿತ್ತು. ಅವ್ವ ಸುತ್ತ ಒಂದು ಸಲ ಬಂದು ನೋಡಿ, "ನೀರ್ಗಾಕುದ್ರೆ ಕುಗ್ತದೆ ಬುಡು" ಎಂದಳು. ಬಿಲ್ಲಿನ ಹಿಂದೆ, ಬಳಸದ ಬಟ್ಟೆಯನ್ನು ಏಳು ದಿನದೊಳಗೆ ಬದಲಾಯಿಸಿಕೊಡುತ್ತೇವೆ ಎಂದು ಬರೆದಿತ್ತು. ಮತ್ತೆ ಬಸ್ಸು, ಮತ್ತೆ ನಂಜನಗೂಡು, ಮತ್ತೆ ಅದೇ ಹುಡುಗಿ. ಅವಳು ಷರ್ಟು ಬಿಡಿಸಿದಳು. ಕೆಳಗಿನ ಅಂಚಿನ ಎರಡೂ ಮೂಲೆಗೆ ಅವ್ವನ ಹೆಬ್ಬೆಟ್ಟಿನಷ್ಟಗಲ ಅರಿಶಿನ. ಹೊಸ ಬಟ್ಟೆ ಹೊಸಿಲು ದಾಟಿದ ತಕ್ಷಣ ಅವ್ವ ಹಚ್ಚಿಬಿಟ್ಟಿದ್ದಳು.

"ಯೂಸ್ ಮಾಡಿದ್ ಬಟ್ಟೆ ತಗೊಳಲ್ಲ ಸರ್."

"ಯೂಸ್ ಮಾಡಿಲ್ಲಮ್ಮ, ಅರಿಶಿನ ಹಚ್ಚಿರೋದು ಅಷ್ಟೆ. ನಿಮ್ಮನೇಲಿ ಹಚ್ಚಲ್ವಾ?"

"ಹಚ್ತೀವಿ ಸರ್. ಹಾಕ್ಕೊಂಡ್ ನೋಡಿ ಆಮೇಲ್ ಹಚ್ತೀವಿ."

ಷರ್ಟು ಮಡಿಸಿಕೊಂಡು ಹೊರಗೆ ಬಂದೆ. ಸಂಜೆ ಸಿದ್ದಣ್ಣನ ಅಂಗಡಿಗೆ ಓಡಿ ಭುಜ ಹಿಡಿದುಕೊಡು ಎಂದು ಬೇಡಿದೆ. ಅವನು ಮಿಷನ್ ತುಳಿಯುತ್ತಲೇ ಹೇಳಿದ: "ತಗಳಾಗ ಈ ಸಿದ್ದಣ್ಣನ ಗ್ಯಾನ ಬಂದಿತ್ಲಾ? ಎಲ್ ತಗಂಡ್ಯೋ ಅಲ್ಲೇ ಚಿಕ್ಕದ್ ಮಾಡುಸ್ಕೊ ಓಗು."

ಸೋಮವಾರ ಷರ್ಟಿನ ಬೆನ್ನಿಗೆ ಮೂರು ಪಿನ್ನು ಚುಚ್ಚಿ, ಅರಿಶಿನದ ಮೂಲೆಗಳನ್ನು ಪ್ಯಾಂಟಿನೊಳಗೆ ತುರುಕಿ ಹೋದೆ. ಇನ್ನೊಬ್ಬ ಅಭ್ಯರ್ಥಿ ಟೈ ಕಟ್ಟಿಕೊಂಡು, ಮಡಿಸಿಟ್ಟ ಕಾಗದದ ಹಾಗೆ ಕೂತಿದ್ದ. ನನ್ನ ಸರದಿ ಬಂತು. ಅಧ್ಯಕ್ಷರು ರೈಸ್‌ಮಿಲ್ಲಿನ ಯಜಮಾನರು, ಸಮಾಸ ಸಂಧಿ ಕೇಳುವವರಲ್ಲ. "ಏನ್ ಮೇಷ್ಟ್ರೇ, ಅಂಗಿ ಯಾರ್ದು?" ಎಂದರು.

ಸುಮ್ಮನೆ ನನ್ನದೇ ಎಂದಿದ್ದರೆ ಮುಗಿಯುತ್ತಿತ್ತು. ನಾಲಿಗೆ ನಿಲ್ಲಲಿಲ್ಲ. ಅವ್ವನ ದನಿ, ಹುಡುಗಿಯ ದನಿ, ಸಿದ್ದಣ್ಣನ ದನಿ, ಎಲ್ಲವನ್ನೂ ಹಾಕಿ ಮೊದಲಿಂದ ಕೊನೆಯವರೆಗೆ ಹೇಳಿಬಿಟ್ಟೆ. ಕಮಿಟಿಯವರು ಮೇಜು ಹಿಡಿದುಕೊಂಡು ನಕ್ಕರು. ಆ ಗಾಳಿಯಲ್ಲೇ ಕಾಲರಿನ ಮಾತನ್ನೂ ಮೂಗಿನಲ್ಲಿ ಆಡಿ ತೋರಿಸಿದೆ. ಹೆಡ್‌ಮಾಸ್ಟರ ನಗು ಅಲ್ಲಿಗೆ ನಿಂತಿತು. ನನ್ನ ಪೋಸ್ಟೂ ಅಲ್ಲಿಗೆ ಹೋಯಿತೆಂದುಕೊಂಡೆ.

ಅಧ್ಯಕ್ಷರು ಕಣ್ಣು ಒರೆಸಿಕೊಂಡರು. "ನಿಮ್ ತಾಯಿ ಏಳಿದ್ದು ಸರಿಯಾಗೇ ಅದೆ ಕಣ್ರೀ. ಒಂದೇ ರೇಟು ಅಂದ್ಮೇಲೆ ದೊಡ್ಡದ್ನೇ ತಗಬೇಕು" ಎಂದು ಹೆಡ್‌ಮಾಸ್ಟರ ಕಡೆ ತಿರುಗಿದರು. "ಪೋಸ್ಟ್‌ಗೆ ಇವ್ರುನ್ನೇ ಆಕ್ಕಳಿ. ಕನ್ನಡ ಎಂಗೂ ಮಾಡ್ತಾರೆ. ಸಮಾಜ ವಿಜ್ಞಾನದ ಮೇಷ್ಟ್ರು ರಿಟೈರ್ ಆದ್ರಲ್ಲ, ಆ ಪಾಠನೂ ಇವ್ರೇ ಮಾಡ್ಲಿ. ಸ್ಕೌಟು ಇವ್ರಿಗೇ ಇರ್ಲಿ. ಲೈಬ್ರರಿ ಬೀಗನೂ ಕೊಡಿ. ಗಂಟ್ಲು ಚೆನ್ನಾಗದೆ, ಸ್ಕೂಲ್ ಡೇ ನಾಟ್ಕನೂ ಇವ್ರೇ ಆಡುಸ್ಲಿ. ಸಂಬಳ ಮಾತ್ರ ಮೊದ್ಲು ಬರ್ದಿರೋದೇ. ಏನ್ ಮೇಷ್ಟ್ರೇ, ಆಯ್ತದಾ?"

ಸಂಬಳ ಸ್ವಲ್ಪ ಹೆಚ್ಚು ಮಾಡಿ ಎಂಬ ಮಾತು ಗಂಟಲವರೆಗೆ ಬಂತು. ಅದನ್ನು ಯಾರ ದನಿಯಲ್ಲಿ ಹೇಳಿದರೆ ನಡೆಯುತ್ತದೆ ಎಂದು ಒಳಗೆಲ್ಲ ತಡಕಾಡಿದೆ. ಅವ್ವನ ದನಿಗೆ ಆಗಲೇ ನಕ್ಕಾಗಿತ್ತು, ಹೆಡ್‌ಮಾಸ್ಟರದನ್ನು ಇನ್ನೊಮ್ಮೆ ತೆಗೆಯುವ ಧೈರ್ಯವಿರಲಿಲ್ಲ. ಕೊನೆಗೆ ನನ್ನದೇ ದನಿ ಹೊರಬಂತು.

"ಆಯ್ತದೆ ಸಾ" ಎಂದಿತು.