ಟ್ಯಾಂಕಿನ ಸಿನಿಮಾಕ್ಕೆ ನಾನು ಕೊಟ್ಟ ಸರ್ಟಿಫಿಕೇಟು

ಕೆಲವರಿಗೆ ಅನ್ನದಲ್ಲಿ ಕಲ್ಲು ಸಿಕ್ಕರೆ ಸಿಟ್ಟು ಬರುತ್ತದೆ, ಕೆಲವರಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ. ನನಗೆ ಯುದ್ಧದ ಸಿನಿಮಾದಲ್ಲಿ ಸುಳ್ಳು ಕಂಡರೆ ಮೈಯೆಲ್ಲ ಉರಿಯುತ್ತದೆ. ಮದುವೆಯಾದ ಹೊಸದರಲ್ಲಿ ಹೆಂಡತಿ ಸರೋಜಳನ್ನು ತಿಪಟೂರಿನ ಟಾಕೀಸಿಗೆ ಕರೆದುಕೊಂಡು ಹೋಗಿದ್ದೆ. ಶತ್ರುವಿನ ಟ್ಯಾಂಕು ನಾಯಕನ ಮೇಲೇ ಹರಿದು ಹೋಯಿತು. ಅವನು ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ತಲೆಯ ಕ್ರಾಪು ಒಂದಿಷ್ಟೂ ಕದಲಿರಲಿಲ್ಲ. ಇಡೀ ಟಾಕೀಸು ಶಿಳ್ಳೆ ಹೊಡೆಯುತ್ತಿದ್ದರೆ ನಾನೊಬ್ಬ ಎದ್ದು ನಿಂತು, “ಅದು ನಲವತ್ತು ಟನ್ ಇರುತ್ತೆ ಕಣ್ರೀ!” ಎಂದು ಕೂಗಿದೆ. “ಲೇ, ಕೂತ್ಕಳ್ಲಾ! ಟ್ಯಾಂಕೇನು ನಿಮ್ಮಪ್ಪಂದಾ?” ಎಂದು ಹಿಂದಿನ ಸಾಲಿನಿಂದ ಉತ್ತರ ಬಂತು. ಸರೋಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆಮೇಲೆ ಬಹಳ ವರ್ಷ ನನ್ನ ಜೊತೆ ಟಾಕೀಸಿಗೆ ಬರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಚರಿತ್ರೆಯ ಮೇಷ್ಟ್ರು. ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನಾನು ಮಾಡದ ಯುದ್ಧವಿಲ್ಲ. ಈ ಕಡೆ ಬಾಣದ ಗುರುತು, ಆ ಕಡೆ ಬಾಣದ ಗುರುತು, ನಡುವೆ ಒಂದು ನದಿ, ಪೀರಿಯಡ್ಡು ಮುಗಿಯುವುದರೊಳಗೆ ಸಾಮ್ರಾಜ್ಯವೊಂದು ಬಿದ್ದಿರಬೇಕು. ಹೀಗಾಗಿ ಯುದ್ಧ ಅಂದರೆ ನನಗೆ ಗೊತ್ತು ಎಂಬ ಜಂಬ ನನಗೆ ಬಂದುಬಿಟ್ಟಿತ್ತು. ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಹೇಗೂ ಸರೋಜ ಯಾರಿಗಾದರೂ ಹೇಳಿಯೇ ಹೇಳುತ್ತಾಳೆ. ನಮ್ಮ ಶಾಲೆಯಲ್ಲಿ ಒಮ್ಮೆ ರಕ್ತದಾನದ ಶಿಬಿರ ನಡೆದಾಗ ನಾನು ತಲೆ ಸುತ್ತಿ ಬಿದ್ದೆ. ರಕ್ತ ಕೊಡುತ್ತಿದ್ದವರು ಡ್ರಿಲ್ ಮೇಷ್ಟ್ರು. ನಾನು ಅವರಿಗೆ ಕೊಡಲಿಕ್ಕೆ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ನಿಂತಿದ್ದೆ.

ಇಂಥ ನಾನು ಮನೆಗೆ ವಿಸಿಡಿ ಪ್ಲೇಯರ್ ತಂದೆ. ಆಗ ತಿಪಟೂರಿನ ಬಸ್‌ಸ್ಟ್ಯಾಂಡಿನ ಬಳಿ ಸಿಡಿ ಬಾಡಿಗೆಗೆ ಕೊಡುವ ಅಂಗಡಿಗಳು ಒಂದರ ಪಕ್ಕ ಒಂದು ತೆರೆದಿದ್ದವು. ಅಲ್ಲಿ ನನಗೊಂದು ಇಂಗ್ಲಿಷ್ ಸಿನಿಮಾ ಸಿಕ್ಕಿತು. ಒಂದು ಟ್ಯಾಂಕು, ಅದರೊಳಗೆ ನಾಲ್ಕು ಜನ, ಅಷ್ಟೇ ಕಥೆ. ಹಾಡಿಲ್ಲ, ನಾಯಕಿಯಿಲ್ಲ, ಮುಖದ ತುಂಬ ಗ್ರೀಸು. ಸಾಯುವವರು ಸಾಯುವಂತೆಯೇ ಸಾಯುತ್ತಿದ್ದರು. ನಾನು ಅದನ್ನು ಕೊಂಡೇಬಿಟ್ಟೆ, ಮೂರು ಸಲ ನೋಡಿದೆ. ಕ್ರೂರವಾದ ಕಡೆಗಳಲ್ಲಿ ಒಂದು ಕಣ್ಣು ಮುಚ್ಚಿಕೊಂಡು ನೋಡಿದೆ, ಆದರೂ ನೋಡಿದೆ. ಮಾರನೆಯ ದಿನದಿಂದ ಸ್ಟಾಫ್‌ರೂಮಿನಲ್ಲಿ ನನ್ನ ಉಪನ್ಯಾಸ ಶುರುವಾಯಿತು. ನೈಜತೆ ಅಂದರೆ ಇದು, ಯುದ್ಧ ಅಂದರೆ ಹೀಗೆ, ಜನಕ್ಕೆ ನಿಜ ತೋರಿಸಬೇಕು, ಸುಳ್ಳು ತೋರಿಸಿ ತೋರಿಸಿಯೇ ಜನ ಹಾಳಾದರು ಎಂದೆಲ್ಲ ಹೇಳಿದೆ. ಕೇಳುವವರು ಒಬ್ಬೊಬ್ಬರಾಗಿ ಕಂಪೋಜಿಷನ್ ಪುಸ್ತಕಗಳ ಹಿಂದೆ ಮರೆಯಾದರು.

ಕೊನೆಗೆ ಉಳಿದವರು ಡ್ರಾಯಿಂಗ್ ಮೇಷ್ಟ್ರು ಶಿವಣ್ಣ. ಪಾಪ, ದಿನಾ ಮಾಯಸಂದ್ರದಿಂದ ತುರುವೇಕೆರೆಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ ತಿಪಟೂರಿಗೆ ಬರುವವರು, ಸಾಧು ಪ್ರಾಣಿ. “ಆ ಸಿಡಿ ನಮ್ಗೂ ಒಂದಿನ ಕೊಡ್ತೀರಾ ಸಾರ್? ನಮ್ಮಣ್ಣ ಎಪ್ಪತ್ತೊಂದರ ಯುದ್ಧದಾಗೆ ಟ್ಯಾಂಕಲ್ಲಿದ್ದ. ಆ ಯುದ್ಧದಾಗೇ ಹೋದ. ಟ್ಯಾಂಕ್ ಒಳಗಡೆ ಹೆಂಗಿರ್ತದೆ ಅಂತ ಒಂದ್ಸಲ ನೋಡ್ಬೇಕು ಅಂತ ನಮ್ಮಮ್ಮ ಬಾಳ ದಿನದಿಂದ ಅಂತವ್ರೆ” ಅಂದರು. ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. “ಧಾರಾಳವಾಗಿ! ಸೋಮವಾರ ತಂದುಕೊಡ್ತೀನಿ. ನಿಜವಾಗಿ ಹೇಗಿರುತ್ತೆ ಅಂತ ಅಮ್ಮನಿಗೂ ಗೊತ್ತಾಗಲಿ” ಅಂದೆ. ಅಂದು, ಪುಣ್ಯದ ಕೆಲಸ ಮಾಡಿದವನ ಹಾಗೆ ಕ್ಲಾಸಿಗೆ ಹೋದೆ.

ಇಷ್ಟಾದರೂ ನನಗೆ ಒಂದು ಕೊರತೆ ಉಳಿದಿತ್ತು. ಎಷ್ಟೆಂದರೂ ನಾನು ಮೇಷ್ಟ್ರು. ಉತ್ತರಪತ್ರಿಕೆಯನ್ನು ಹೊರಗಿನ ಪರೀಕ್ಷಕರೊಬ್ಬರು ನೋಡಿ ಸರಿ ಅನ್ನುವವರೆಗೆ ನಮ್ಮ ಜಾತಿಗೆ ಸಮಾಧಾನವಿಲ್ಲ. ಆಗ ನೆನಪಾದವರು ಅಮೀರ್ ಜಾನ್ ಸಾಬ್ರು. ಕೊಬ್ಬರಿ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ಪಂಪ್‌ಸೆಟ್ಟು, ಟ್ರ್ಯಾಕ್ಟರು ರಿಪೇರಿ ಮಾಡುವವರು. ವಯಸ್ಸಿನಲ್ಲಿ ಮಿಲಿಟರಿಯಲ್ಲಿದ್ದು ಟ್ಯಾಂಕ್ ಓಡಿಸಿದವರು ಎಂದು ಊರಿಗೆಲ್ಲ ಗೊತ್ತು, ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ. ಕೇಳಿದರೆ, “ಅದೂ ಒಂದು ಡೀಸೆಲ್ ಗಾಡಿ ಬುಡಿ ಮೇಷ್ಟ್ರೇ” ಅಂದು ಸ್ಪ್ಯಾನರು ಹುಡುಕತೊಡಗುತ್ತಿದ್ದರು. ನಾನು ಎರಡು ಮೂರು ದಿನ ಬೆನ್ನು ಹತ್ತಿದೆ. ಕೊನೆಗೆ ಶನಿವಾರ ಮಧ್ಯಾಹ್ನ ಸ್ನಾನ ಮಾಡಿ, ಬಿಳಿ ಜುಬ್ಬ ಹಾಕಿಕೊಂಡು ಬಂದರು.

ಸರೋಜ ನಿಪ್ಪಟ್ಟು ಮಾಡಿದ್ದಳು. ಸಾಬ್ರು ಸೋಫಾ ಬಿಟ್ಟು ಬಾಗಿಲ ಪಕ್ಕದ ಮುರುಕು ಸ್ಟೂಲಿನ ಮೇಲೆ ಕೂತರು. ನಾನು ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಕೂತೆ. ಮೊದಲ ಸಿಡಿ ಬಹಳ ಲವಲವಿಕೆಯಿಂದ ಸಾಗಿತು. “ಉಗುರು ಸರಿಯಾಗೈತೆ ನೋಡಿ, ಗ್ರೀಸು ಹಿಂಗೇ ಕೂರ್ತದೆ, ಮದ್ವೆ ದಿನಾನೂ ಹೋಗಲ್ಲ” ಅಂದರು. “ಇವ್ರು ಒಳಗೆ ಪಿಸುಪಿಸು ಮಾತಾಡ್ತಾವ್ರಲ್ಲ, ಅದಾಗಕ್ಕಿಲ್ಲ. ಇಂಜಿನ್ ಸದ್ದಿಗೆ ನಮ್ಮ ಯೋಚ್ನೆ ನಮ್ಗೇ ಕೇಳಲ್ಲ” ಅಂದರು. “ಯಾರೂ ಮೊಣಕೈ ತಗಲಿಸ್ಕೊಳ್ಳಲೇ ಇಲ್ವಲ್ಲ ಮೇಷ್ಟ್ರೇ? ಕಾಲು ಜೋಮು ಹಿಡೀಲಿಲ್ಲ? ನಾಲ್ಕು ಜನದಾಗೆ ಒಬ್ಬಂಗಾದ್ರೂ ಉಚ್ಚೆ ಬರ್ಬೇಕಲ್ವಾ?” ಅಂದಾಗ ಸರೋಜ ನಗುತ್ತ ಅಡಿಗೆಮನೆಗೆ ಓಡಿದಳು. ನಾನು ಎಲ್ಲವನ್ನೂ ಬರೆದುಕೊಂಡೆ. ನೈಜತೆಯ ವಿಷಯದಲ್ಲಿ ಇಷ್ಟು ಸಂತೋಷದ ಮಧ್ಯಾಹ್ನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ.

ಎರಡನೆಯ ಸಿಡಿಯಲ್ಲಿ ಟ್ಯಾಂಕಿಗೆ ಬೆಂಕಿ ಹತ್ತುತ್ತದೆ. ಮೇಲಿನ ಮುಚ್ಚಳ ಸಿಕ್ಕಿಕೊಂಡು, ಗುಂಡು ತುಂಬುವ ಹುಡುಗ ಒಳಗೇ ಉಳಿಯುತ್ತಾನೆ. ನನ್ನ ಮೆಚ್ಚಿನ ದೃಶ್ಯ ಅದು. ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದನ್ನು ಅರ್ಧ ತೆರೆದು, “ಈಗ ನೋಡಿ ಸಾಬ್ರೇ, ನೈಜತೆ ಅಂದ್ರೆ ಇದು!” ಅಂದೆ. “ಆಫ್ ಮಾಡಿ ಮೇಷ್ಟ್ರೇ” ಎಂಬ ದನಿ ಕೇಳಿಸಿತು. ರಿಮೋಟು ಕೈಗೆ ಸಿಗಲಿಲ್ಲ. ಸರೋಜ ಓಡಿ ಬಂದು ಪ್ಲಗ್ಗನ್ನೇ ಕಿತ್ತಳು. ಸಾಬ್ರು ಸ್ಟೂಲಿನಿಂದ ಎದ್ದು ಹೊಸ್ತಿಲಾಚೆ ನಿಂತಿದ್ದರು. ಅಲ್ಲಿಂದಲೇ, “ಸರಿಯಾಗೇ ಮಾಡವ್ರೆ. ಒಳಗಿಂದ ಮುಚ್ಚಳ ಗುದ್ದೋ ಸದ್ದು ಸೈತ ಸರಿಯಾಗೈತೆ” ಅಂದರು. ನಾನು ಬಯಸಿದ್ದ ಸರ್ಟಿಫಿಕೇಟು ಅದು. ನೋಟ್‌ಬುಕ್ಕು ನನ್ನ ತೊಡೆಯ ಮೇಲೆ ತೆರೆದೇ ಇತ್ತು. ಅದನ್ನು ಮುಚ್ಚಿಟ್ಟೆ.

ಸರೋಜ ನೀರು ತಂದುಕೊಟ್ಟಳು. ಲೋಟ ಹಿಡಿದ ಅವರ ಎಡ ಅಂಗೈ ನುಣ್ಣಗೆ ಹೊಳೆಯುತ್ತಿತ್ತು. ರೇಡಿಯೇಟರ್ ಸಿಡಿದು ಸುಟ್ಟದ್ದು ಎಂದು ನಾವೆಲ್ಲ ತಿಳಿದಿದ್ದೆವು. “ಡ್ರೈವರ್‌ಗೆ ಮುಂದ್ಗಡೆ ಬೇರೆ ಮುಚ್ಚಳ. ನಾನು ಆಚೆ ಬಂದ್ಬುಟ್ಟೆ. ಅವ್ನದು ತೆಗೆಯಕ್ಕೆ ಹೋದೆ, ಆಗ್ಲಿಲ್ಲ” ಎಂದಷ್ಟೇ ಹೇಳಿದರು. ಆಮೇಲೆ, “ಈ ಸಿಡಿ ಇನ್ಯಾರು ನೋಡವ್ರೆ?” ಎಂದು ಕೇಳಿದರು. ಇನ್ನೂ ಯಾರೂ ಇಲ್ಲ, ಸೋಮವಾರ ಡ್ರಾಯಿಂಗ್ ಮೇಷ್ಟ್ರು ಶಿವಣ್ಣನವರಿಗೆ ಕೊಡುತ್ತೇನೆ, ಅವರ ತಾಯಿ ನೋಡಬೇಕಂತೆ ಅಂದೆ. ಸಾಬ್ರು ಲೋಟ ಕೆಳಗಿಟ್ಟರು. “ಮಾಯಸಂದ್ರದ ಗೌರಮ್ಮಾರಾ?”

ಸಾಬ್ರ ಟ್ಯಾಂಕಿನ ಒಳಗೆ ಉಳಿದವನು ಗೌರಮ್ಮನ ಹಿರಿಯ ಮಗ, ಶಿವಣ್ಣನವರ ಅಣ್ಣ ಮಹದೇವ. ಒಂದೇ ಸೀಮೆಯವರು ಎಂದು ಇಬ್ಬರಿಗೂ ಬಲು ಗೆಳೆತನವಂತೆ. ಯುದ್ಧ ಮುಗಿದು ರಜೆಯ ಮೇಲೆ ಬಂದಾಗ ಸಾಬ್ರು ಮಾಯಸಂದ್ರಕ್ಕೆ ಹೋದರು. ಮಗನಿಗೆ ನೋವಾಯಿತೇ ಎಂದು ಆ ತಾಯಿ ಕೇಳಿದರು. “ನೀರು ಕುಡಿಯಕ್ಕೆ ಅಂತ ಕೆಳಗಿಳಿದಿದ್ದ, ಎಲ್ಲಿಂದಲೋ ಒಂದು ಗುಂಡು ಬಂತು, ಅಮ್ಮಾ ಅಂದ, ಅಷ್ಟೇ ಅಂತ ಹೇಳ್ಬುಟ್ಟೆ ಮೇಷ್ಟ್ರೇ. ಅಮ್ಮಾ ಅಂದಿದ್ದು ಮಾತ್ರ ನಿಜ. ಅವತ್ತಿಂದ ವರ್ಷಕ್ಕೊಂದ್ಸಲ ಹೋಯ್ತೀನಿ. ಹೋದಾಗೆಲ್ಲ ಕೇಳ್ತಾರೆ. ಹೋದಾಗೆಲ್ಲ ಅದ್ನೇ ಹೇಳ್ತೀನಿ” ಅಂದರು. ನನ್ನನ್ನು ಅವರು ಏನೂ ಬೇಡಿಕೊಳ್ಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು, ನಿಪ್ಪಟ್ಟು ಚೆನ್ನಾಗಿತ್ತು ಎಂದು ಸರೋಜಳಿಗೆ ಹೇಳಿ ಹೋದರು. ಅಮ್ಮನಿಗೂ ಗೊತ್ತಾಗಲಿ ಎಂದ ನನ್ನ ಮಾತು ಎರಡು ದಿನ ನನ್ನ ಕಿವಿಯಲ್ಲೇ ಕೂತಿತ್ತು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಸೋಮವಾರ ಸ್ಟಾಫ್‌ರೂಮಿನಲ್ಲಿ ನಾನು ಮಾತು ತಿರುವಿದೆ. “ಅಯ್ಯೋ, ಆ ಸಿನಿಮಾನಾ? ಮತ್ತೆ ನೋಡಿದಾಗ ಗೊತ್ತಾಯ್ತು ಶಿವಣ್ಣ, ಬರೀ ಬೊಗಳೆ. ಯುದ್ಧದಲ್ಲಿ ಹಾಗೆಲ್ಲ ಆಗೋದೇ ಇಲ್ಲ” ಅಂದೆ. ವಾರವಿಡೀ ನನ್ನ ಉಪನ್ಯಾಸ ಸಹಿಸಿದ್ದ ಸಹೋದ್ಯೋಗಿಗಳು ಪುಸ್ತಕಗಳ ಹಿಂದಿನಿಂದ ತಲೆಯೆತ್ತಿ ನೋಡಿದರು. ಶಿವಣ್ಣನವರು ಮಾತ್ರ ಅನುಮಾನಪಡಲಿಲ್ಲ. “ಹಂಗಾರೆ ಬ್ಯಾಡ ಬುಡಿ ಸಾರ್. ಟ್ಯಾಂಕ್ ಇರೋದು ಬ್ಯಾರೆ ಯಾವ್ದಾದ್ರೂ ಒಳ್ಳೇದು ನೀವೇ ಆರ್ಸಿ ತನ್ನಿ. ಭಾನುವಾರ ಊಟಕ್ಕೆ ನಮ್ಮನೇಗೇ ಬಂದ್ಬುಡಿ. ನಿಮ್ಗೆ ಈ ವಿಷ್ಯ ಚೆನ್ನಾಗಿ ಗೊತ್ತಲ್ಲ” ಅಂದರು.

ಹೀಗೆ ಸುಳ್ಳುಸುಳ್ಳಾದ ಟ್ಯಾಂಕಿನ ಸಿನಿಮಾ ಹುಡುಕಿಕೊಂಡು ಹೋಗುವ ಯೋಗ ನನಗೆ ಬಂತು. ಸಿಡಿ ಅಂಗಡಿಯವನು ತೋರಿಸಿದ ಮೊದಲನೆಯದನ್ನು, ಅದರಲ್ಲಿ ಒಬ್ಬ ಸೈನಿಕನ ಅಂಗಿ ಹರಿದಿದೆ ಎಂಬ ಕಾರಣಕ್ಕೆ ಬೇಡ ಅಂದೆ. ಎರಡನೆಯದರಲ್ಲಿ ಹೊಗೆ ಹೆಚ್ಚಾಯಿತು. “ನಿಮ್ಗೆ ಏನು ಬೇಕು ಅಂತ ಸರಿಯಾಗಿ ಹೇಳಿ ಸಾರ್” ಎಂದು ಅವನು ರೇಗಿದ. ಕೊನೆಗೆ ಒಂದು ಸಿಕ್ಕಿತು. ಅದರ ಟ್ಯಾಂಕಿನ ಒಳಭಾಗ ನಮ್ಮ ಮನೆಯ ನಡುಮನೆಗಿಂತ ದೊಡ್ಡದು. ಟ್ಯೂಬ್‌ಲೈಟಿನ ಬೆಳಕು, ಗೋಡೆಗೆ ದೇವರ ಕ್ಯಾಲೆಂಡರು. ಯೋಧರು ಅದರೊಳಗೆ ಎದ್ದು ನಿಂತು ತಮಟೆ ಬಡಿದು ಕುಣಿಯುತ್ತಾರೆ. ನನಗೆ ಬಲು ಹಿಡಿಸಿತು.

ವಿಷಯ ತಿಳಿಸಿದ್ದೆ, ಭಾನುವಾರ ಅಮೀರ್ ಜಾನ್ ಸಾಬ್ರೂ ನನ್ನ ಜೊತೆ ಮಾಯಸಂದ್ರಕ್ಕೆ ಬಂದರು. ಗೌರಮ್ಮ ಎಪ್ಪತ್ತು ದಾಟಿದ, ಹಣೆಯ ತುಂಬ ವಿಭೂತಿ ಹಚ್ಚಿದ ಗಟ್ಟಿ ಹೆಂಗಸು. ಸೊಸೆ, ಮೊಮ್ಮಕ್ಕಳನ್ನೆಲ್ಲ ಹಿಂದೆ ಕೂರಿಸಿ ತಾವು ಟಿ.ವಿ.ಗೆ ಮೂಗು ತಾಗುವಷ್ಟು ಹತ್ತಿರ ಕೂತರು. “ಒಳಗೆ ಇಷ್ಟು ಜಾಗ ಇರ್ತದೇನ್ಲಾ ಅಮೀರ?” “ಹೂಂ ಕಣಮ್ಮ, ಕಾಲು ಚಾಚ್ಕಂಡು ಮನೀಕಬೋದು.” “ಅಂಗಾರೆ ನನ್ ಮಗ ಇಕ್ಕಟ್ಟಿನಾಗೆ ಇರ್ಲಿಲ್ಲ ಬುಡು.” ಚಿತ್ರದ ಕೊನೆಗೆ ಒಬ್ಬ ಯೋಧ ಹಸಿರು ಹುಲ್ಲಿನ ಮೇಲೆ ಬಿದ್ದ. ಎದೆಯ ಮೇಲೆ ಕುಂಕುಮದಷ್ಟು ರಕ್ತ. ಮುಗುಳ್ನಕ್ಕು, ತಾಯಿಯನ್ನು ನೆನೆದು, ಕಣ್ಣು ಮುಚ್ಚಿದ. ಗೌರಮ್ಮ ಟಿ.ವಿ. ಬಿಟ್ಟು ನನ್ನ ಕಡೆ ತಿರುಗಿದರು.

“ಮೇಷ್ಟ್ರೇ, ಒಂದು ಮಾತು ಕೇಳ್ತೀನಿ. ಈ ಅಮೀರ ನನ್ ಮನ್ಸಿಗೆ ನೋವಾಗಬಾರ್ದು ಅಂತ ಏನೋ ಮರೆ ಮಾಡ್ತಾನೆ ಅಂತ ನಂಗೆ ಮೊದ್ಲಿಂದ ಒಂದು ಅನ್ಮಾನ. ನೀವು ಓದ್ಕಂಡೋರು. ಪುಸ್ತಕದಾಗೂ ಹಿಂಗೇ ಬರ್ದವ್ರಾ? ಸಾಯೋರು ಹಿಂಗೇ ಸಾಯ್ತಾರಾ?”

ಸಾಬ್ರು ನೆಲ ನೋಡುತ್ತಿದ್ದರು. ಎಷ್ಟೋ ಸಾವಿರ ಮಕ್ಕಳಿಗೆ ಸತ್ಯವನ್ನೇ ಹೇಳಬೇಕು ಎಂದು ಪಾಠ ಮಾಡಿದ ಬಾಯಿ ನನ್ನದು. “ಹೀಗೇ ಕಣಮ್ಮ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ” ಅಂದೆ. ಗೌರಮ್ಮ ನನ್ನ ಮುಖವನ್ನೇ ನೋಡುತ್ತ ಕೂತಿದ್ದರು. ನಂಬಿದರೋ ಇಲ್ಲವೋ ನನಗೆ ಈ ಹೊತ್ತಿಗೂ ತಿಳಿಯದು. “ಆಯ್ತು ಬುಡಪ್ಪ” ಎಂದು ಎದ್ದು, ಶಿವಣ್ಣನವರನ್ನು ಅಟ್ಟಕ್ಕೆ ಹತ್ತಿಸಿದರು.

ಮಹದೇವ ಹುಟ್ಟಿದಾಗ ಬಚ್ಚಲ ನೀರು ಹರಿಯುವ ಕಡೆ ಅವನ ಹೆಸರಿನಲ್ಲಿ ಒಂದು ತೆಂಗಿನ ಸಸಿ ನೆಟ್ಟಿದ್ದರಂತೆ. ಆ ಮರದ ಕಾಯಿ ಮಾರ್ಕೆಟ್ಟಿಗೆ ಹೋಗುವುದಿಲ್ಲ. ಅಟ್ಟದ ಒಂದು ಮೂಲೆಯಲ್ಲಿ ಬೇರೆಯಾಗಿ ಹಾಕಿ, ವರ್ಷ ಕಳೆದು ಒಳಗೆ ಕೊಬ್ಬರಿ ಒಣಗಿ ಲೊಡಲೊಡ ಸದ್ದು ಮಾಡುವಾಗ ಇಳಿಸಿ, ಅಮೀರ್ ಜಾನ್ ಸಾಬ್ರಿಗೆ ಕೊಡುವುದು ಆ ಮನೆಯ ಪದ್ಧತಿ. ಗೌರಮ್ಮ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ ಸಾಬ್ರ ಚೀಲಕ್ಕೆ ಹಾಕಿದರು. ಕೊನೆಗೆ ಎರಡನ್ನು ಆರಿಸಿ ನನ್ನ ಕೈಗಿಟ್ಟು, “ಇವು ನಿಮ್ಗೆ. ನೀವೂ ಬಂದು ಹೇಳಿದ್ರಲ್ಲ” ಅಂದರು.

ಬಸ್ಸಿನಲ್ಲಿ ಆ ಎರಡು ಕಾಯಿ ನನ್ನ ತೊಡೆಯ ಮೇಲೆ ಕೂತು ಪ್ರತಿ ಗುಂಡಿಗೂ ಸದ್ದು ಮಾಡುತ್ತಿದ್ದವು. ತುರುವೇಕೆರೆ ದಾಟಿದ ಮೇಲೆ ನಾನು, “ಇದನ್ನ ಹೇಗೆ ತಿನ್ನೋದು ಸಾಬ್ರೇ?” ಅಂದೆ. ಅವರು ಕಿಟಕಿಯಾಚೆಯ ತೋಟಗಳನ್ನು ನೋಡುತ್ತಲೇ ಹೇಳಿದರು: “ಮೊದಲ್ನೇ ವರ್ಷ ನಂಗೂ ಇಳೀಲಿಲ್ಲ ಮೇಷ್ಟ್ರೇ. ಆದ್ರೂ ತಿನ್ಬೇಕು. ಬಿಸಾಕಿದ್ರೆ ಆಯಮ್ಮಂಗೆ ಗೊತ್ತಾಗೋಯ್ತದೆ.”

ಮನೆಗೆ ಬಂದಾಗ ಸರೋಜ ಕಾಯಿ ಒಡೆದು ಒಂದು ಚೂರು ಬಾಯಿಗೆ ಹಾಕಿಕೊಂಡಳು, ಇನ್ನೊಂದನ್ನು ನನಗೆ ಕೊಟ್ಟಳು. “ಹೆಂಗಿತ್ತು ಸಿನಿಮಾ? ಅಲ್ಲೂ ಎದ್ದು ನಿಂತು ಕೂಗಿದ್ರಾ?” ಅಂದಳು. ಕೊಬ್ಬರಿ ನನ್ನ ಬಾಯಲ್ಲಿತ್ತು. ಅಗಿದು, ನುಂಗಿ, “ಇಲ್ಲ. ಎಲ್ಲ ನಿಜವಾಗಿ ನಡೆದ ಹಾಗೇ ತೆಗೆದಿದ್ದಾರೆ” ಅಂದೆ. ಸರೋಜ ಈಳಿಗೆ ಕೆಳಗಿಟ್ಟು ಹತ್ತಿರ ಬಂದು ನನ್ನ ಹಣೆ ಮುಟ್ಟಿ ನೋಡಿದಳು.